ಆಫ್ತಾಬನ ಕನ್ನಡಕ

ಮೂರನೆಯ ಸಲ ಬಾಗಿಲು ಬಡಿದಾಗ ಅನಂತರಾಜು ಮೊಬೈಲನ್ನು ದಿಂಬಿನ ಕೆಳಗೆ ತುರುಕಿದ. ಅಲ್ಲೂ ಅದು ಸುಮ್ಮನಿರದೆ ಗುಂಯ್‌ಗುಡುತ್ತಿತ್ತು. ಬೆಳಿಗ್ಗೆಯಿಂದ ಹೊಸದಾಗಿ ನಾನೂರು ಜನ ಉಗಿದಿದ್ದರು. ಉಗಿದದ್ದು ಅವನಿಗಲ್ಲ, ಹದಿನೇಳು ವರ್ಷದ ಒಂದು ಹುಡುಗಿಗೆ. ಇವಳ ಗಂಟಲು ಸೀಳಬೇಕು ಎಂದು ಒಬ್ಬ ಬರೆದಿದ್ದ. ಅದಕ್ಕೆ ಎಂಟುನೂರು ಮಂದಿ ನಕ್ಕಿದ್ದರು.

ಬಾಗಿಲು ತೆರೆದರೆ ಆ ಹುಡುಗಿಯ ಅಪ್ಪ ನಿಂತಿದ್ದ.

ರಾಮಲಿಂಗಯ್ಯ ಸಾತನೂರು ರಸ್ತೆಯ ಒಂದು ಹಳ್ಳಿಯವನು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ, ಎರಡು ಹಸು. ಮಗಳು ನವ್ಯಶ್ರೀ ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಬಂದು ಎರಡನೇ ಪಿಯುಸಿ ಓದುತ್ತಿದ್ದಳು. ಆ ಕಾಲೇಜಿನಲ್ಲಿ ಅನಂತರಾಜು ಕನ್ನಡದ ಅತಿಥಿ ಉಪನ್ಯಾಸಕ. ಹತ್ತು ವರ್ಷದಿಂದ ಅತಿಥಿ. ಅಪ್ಪನ ಹಿಂದೆ ಹುಡುಗಿಯ ಸೋದರಮಾವ ಬಾಲರಾಜು ನಿಂತಿದ್ದ. ಬಿಡದಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಅದೇ ಯೂನಿಫಾರಮ್ಮಿನಲ್ಲಿ ಬಂದಿದ್ದ. ಅವನ ಕಣ್ಣು ಕೆಂಪಗಿದ್ದವು.

ವಿಷಯ ಇಷ್ಟೇ. ವಿಡಿಯೊ ಬಿಟ್ಟವನು ಸಿಕ್ಕಿದ್ದಾನೆ. ಹೋಗಿ ಕೇಳಬೇಕು. ಸಾರ್ ಜೊತೆಗೆ ಬರಬೇಕು.

"ಓದ್ದೋರು ಒಬ್ರು ಇದ್ರೆ ಒಳ್ಳೇದು ಸಾ," ಎಂದ ರಾಮಲಿಂಗಯ್ಯ. "ನಮ್ಗೆ ಮಾತು ಬರಕಿಲ್ಲ. ಕೈ ಮುಂದ್ಕೋಯ್ತದೆ."

"ಸಿಕ್ಕಿದ್ದಾನೆ ಅಂದರೆ?" ಎಂದು ಅನಂತರಾಜು ಕೇಳಿದ. ತನ್ನ ದನಿ ಇಷ್ಟು ಸಹಜವಾಗಿ ಹೊರಟಿತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ವಿಡಿಯೊ ಬಿಟ್ಟವನು ಅವನೇ.

ಎರಡು ತಿಂಗಳ ಹಿಂದೆ ಅವರೂರಲ್ಲಿ ಪೌರಾಣಿಕ ನಾಟಕ ಆಡಿದ್ದರು. ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರು ಬಂದರು. ಗಂಡು ಪಾರ್ಟೆಲ್ಲ ಊರಿನವರದೇ. ಆದರೆ ತಾಯಿಯ ಕಾಲಿಗೆ ಬಿದ್ದು ಯುದ್ಧಕ್ಕೆ ಹೊರಡುವ ಯುವರಾಜನ ಪಾರ್ಟಿಗೆ ಹಾಡಬಲ್ಲ ಗಂಡು ಊರಲ್ಲಿ ಒಬ್ಬನೂ ಇರಲಿಲ್ಲ. ನವ್ಯಶ್ರೀಗೆ ಮೀಸೆ ಅಂಟಿಸಿದರು. ಹಾರ್ಮೋನಿಯಂ ಪೆಟ್ಟಿಗೆಯ ಮೇಷ್ಟ್ರು ಬಸವಯ್ಯ ಅವಳಿಗೆ ಮೂರು ತಿಂಗಳು ಒಂದೇ ಪಾಠ ಹೇಳಿದ್ದರು: ಏನೇ ಆಗಲಿ, ಪೆಟ್ಟಿಗೆ ನಿಲ್ಲುವ ತನಕ ಹಾಡು ನಿಲ್ಲಿಸಬಾರದು. ಬಸವಯ್ಯ ನಲವತ್ತು ವರ್ಷದಿಂದ ಪಾಲಿಸಿಕೊಂಡು ಬಂದ ಪಾಠ ಬೇರೆ: ಪಾರ್ಟಿನವರು ನಿಲ್ಲಿಸುವ ತನಕ ಪೆಟ್ಟಿಗೆ ನಿಲ್ಲಿಸಬಾರದು.

ಹಾಡಿನ ನಡುವೆ ಬೆವರಿಗೆ ಅರ್ಧ ಮೀಸೆ ಕಿತ್ತುಬಂದು ಮೈಕಿಗೆ ಅಂಟಿಕೊಂಡಿತು. ಹುಡುಗಿಯ ಶ್ರುತಿ ಜಾರಿತು. ಅವಳು ಪೆಟ್ಟಿಗೆ ನಿಲ್ಲಲಿ ಎಂದು ಹಾಡಿದಳು, ಮೇಷ್ಟ್ರು ಅವಳು ನಿಲ್ಲಲಿ ಎಂದು ಬಾರಿಸಿದರು. ಒಬ್ಬರನ್ನೊಬ್ಬರು ಕಾಯುತ್ತ ನಾಲ್ಕು ನಿಮಿಷ. ಗಂಟಲು ಒಡೆದು, ಕಣ್ಣಲ್ಲಿ ನೀರು ಸುರಿದು, ಅರ್ಧ ಮೀಸೆಯ ಯುವರಾಜ ಕಿರುಚುತ್ತಲೇ ಇದ್ದ. ಊರವರಿಗೆ ಇದು ಏನೂ ಅನ್ನಿಸಲಿಲ್ಲ. ನಮ್ಮ ಹುಡುಗಿ ಹಾಡಿತು ಎಂದರು. ಮನೆಗೆ ಹೋದರು.

ರಾಮಲಿಂಗಯ್ಯ ಆ ನಾಟಕದ ಪೆನ್‌ಡ್ರೈವನ್ನು ಒಂದು ಚಿಪ್ಪು ಬಾಳೆಹಣ್ಣಿನ ಜೊತೆ ಸಾರ್ ಮನೆಗೆ ತಂದುಕೊಟ್ಟಿದ್ದ. ನಮ್ಮ ಮಗು ಮಾಡವ್ಳೆ, ನೋಡಿ ಸಾ.

ಅನಂತರಾಜು ನೋಡಿದ. ಬಾಳೆಹಣ್ಣು ತಿನ್ನುತ್ತ ನಾಲ್ಕು ನಿಮಿಷವನ್ನು ನಲವತ್ತು ಸೆಕೆಂಡಿಗೆ ಕತ್ತರಿಸಿದ. 'ಹಲ್ಲುಕಿರಿ' ಎಂಬ ಅವನ ಪೇಜನ್ನು ಎರಡು ಲಕ್ಷ ಜನ ಹಿಂಬಾಲಿಸುತ್ತಿದ್ದರು. ಅದು ಅವನದು ಎಂದು ಒಬ್ಬನಿಗೂ ಗೊತ್ತಿರಲಿಲ್ಲ. ಅವನ ಕವನ ಸಂಕಲನದ ಇನ್ನೂರ ಎಂಬತ್ತು ಪ್ರತಿ ಮಂಚದ ಕೆಳಗೆ ಕೂತಿದ್ದವು. ಅವನು ವಿಡಿಯೊದ ಮೇಲೆ ಒಂದೇ ಸಾಲು ಬರೆದ: 'ಯುವರಾಜ ಯುದ್ಧಕ್ಕೆ, ಮೀಸೆ ಮೈಕಿಗೆ.' ಬರೆದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿಕೊಂಡ. ಲಯ ಚೆನ್ನಾಗಿತ್ತು.

ವಿಡಿಯೊ ಬಿಟ್ಟು ಇಂದಿಗೆ ಒಂಬತ್ತು ದಿನ.

ಈಗ ಗೂಡ್ಸ್ ಆಟೋದಲ್ಲಿ ಅವನನ್ನು ಮುಂದೆ ಕೂರಿಸಿದರು. ಬಾಲರಾಜು ಓಡಿಸುತ್ತಿದ್ದ. ಅವಸರದಲ್ಲಿ ಮೊಬೈಲು ದಿಂಬಿನ ಕೆಳಗೇ ಉಳಿದುಹೋಗಿತ್ತು. ಅನಂತರಾಜು ಎರಡು ಸಲ ಜೇಬು ಮುಟ್ಟಿ ನೋಡಿಕೊಂಡ.

ರಾಮಲಿಂಗಯ್ಯ ದಾರಿಯುದ್ದಕ್ಕೂ ಮಾತಾಡಿದ. ಬಸ್ಸಿನಲ್ಲಿ ಹುಡುಗರು ಅವಳು ಹತ್ತಿದೊಡನೆ ಮೂಗಿನ ಕೆಳಗೆ ಬೆರಳಿಟ್ಟುಕೊಳ್ಳುತ್ತಿದ್ದರಂತೆ. ಒಬ್ಬ ಕತ್ತರಿ ತಂದು ಅವಳ ಜಡೆಯ ತುದಿ ಕತ್ತರಿಸಿ, ಮೀಸೆ ಮಾಡಿಕೊಳ್ಳೇ ಎಂದು ಕೈಗೆ ಕೊಟ್ಟನಂತೆ. ಅಂದಿನಿಂದ ಕಾಲೇಜು ಬಿಟ್ಟಳು. ಮಾತೂ ಬಿಟ್ಟಳು. ಮೊನ್ನೆ ಹುಳದ ಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡಳು.

"ಹಣ್ಣುಳ ಸಾ. ಗೂಡ್ ಕಟ್ಟಕ್ಕೆ ಚಂದ್ರಿಕೆಗೆ ಬುಡ್ಬೇಕು ಅನ್ನೋಷ್ಟ್ರಲ್ಲಿ ತಟ್ಟೆ ತಟ್ಟೇನೇ ಕೆಳೀಕ್ ಕೆಡವ್ಕಂಡು ಬರಿಗಾಲಲ್ಲಿ ತುಳುದಾಕ್ಬುಟ್ಳು. ತಡ್ಯಕ್ಕೋದ್ರೆ ಅವ್ಳವ್ವನ ಕೈ ಕಚ್ಚುದ್ಲು. ನಾಟ್ಕದ್ ಅದೇ ಪದ ಆಡ್ಕಂಡು ತುಳುದ್ಲು ಸಾ. ನಿಲ್ಸಲೇ ಇಲ್ಲ."

ಅನಂತರಾಜುವಿಗೆ ಬರಿಗಾಲಿನ ಬೆರಳ ಸಂದಿಯಲ್ಲಿ ಒಡೆಯುವ ಹುಳ ಕಣ್ಣಿಗೆ ಕಟ್ಟಿತು. ಹಸಿರು ರಸ, ಹರಿದ ನೂಲು. ಹೇಳಿಬಿಡಬೇಕು ಎನ್ನಿಸಿತು. ಈಗಲೇ, ಗಾಡಿ ಓಡುತ್ತಿರುವಾಗಲೇ, ಮುಖ ನೋಡದೆ. ಬಾಯಿ ತೆರೆದ.

"ಇದ್ ಎಲ್ಲೆಲ್ಲಿ ಓಗೈತೆ ಅಂತ ಅಳ್ಳಿ ಜನುಕ್ಕೆ ಏನ್ ಗೊತ್ತಾಯ್ತದೆ ಸಾ," ಎಂದ ಬಾಲರಾಜು ನಡುವೆ. "ನನ್ ಜೊತೆ ಕೆಲ್ಸ ಮಾಡೋರು ಕ್ಯಾಂಟೀನ್ನಾಗೆ ಅದ್ನೇ ಏಳ್ಕಂಡ್ ನಗ್ತಾರೆ. ಯುವರಾಜ ಯುದ್ಧಕ್ಕೆ, ಮೀಸೆ ಮೈಕಿಗೆ. ಎಲ್ರಿಗೂ ಬಾಯ್‌ಪಾಠ. ಬರ್ದೋನ್ ಬೆರಳು ಒಂದೊಂದಾಗಿ ಮುರೀಬೇಕು."

ಅನಂತರಾಜುವಿನ ಎದೆಯೊಳಗೆ ಏನೋ ಬೆಚ್ಚಗಾಯಿತು. ಅವನು ಬರೆದ ಸಾಲನ್ನು ಇನ್ನೊಬ್ಬರು ಬಾಯಲ್ಲಿ ಹೇಳಿದ್ದು ಬದುಕಿನಲ್ಲಿ ಇದೇ ಮೊದಲು. ಥೂ ಎಂದುಕೊಂಡ. ಆದರೂ ಬೆಚ್ಚಗೇ ಇತ್ತು. ತೆರೆದ ಬಾಯನ್ನು ಮುಚ್ಚಿಕೊಂಡ.

"ನೆನ್ನೆ ಒಸಿ ವಾಸಿ ಸಾ," ಎಂದ ರಾಮಲಿಂಗಯ್ಯ. "ಸಾರ್ ಮನೆಗೋಗಿ ಕರ್ಕಂಡ್ ಬತ್ತೀನಿ ಅಂದೆ. ನಕ್ಬುಟ್ಳು. ಒಂಬತ್ ದಿವ್ಸುಕ್ಕೆ ನಕ್ಕವ್ಳೆ."

ಅನಂತರಾಜು ಕಿಟಕಿಯ ಹೊರಗೆ ನೋಡಿದ. ಮರದ ಗೊಂಬೆ ಅಂಗಡಿಗಳ ಮುಂದೆ ಬಣ್ಣದ ಕುದುರೆಗಳು ಸಾಲಾಗಿ ನಿಂತಿದ್ದವು. ಪೆನ್‌ಡ್ರೈವ್ ಯಾರ ಮನೆಗೆ ಹೋಗಿತ್ತೆಂದು ಅವಳಿಗೆ ಗೊತ್ತು.

ಊರವರು ಲೆಕ್ಕ ಹಾಕಿ ನೋಡಿದ್ದರು. ನಾಟಕ ತುಂಬಿಸಿ ಹಂಚಿದ್ದು ಹನ್ನೊಂದು ಪೆನ್‌ಡ್ರೈವ್, ಹನ್ನೊಂದೂ ಪಾರ್ಟು ಮಾಡಿದವರ ಮನೆಯಲ್ಲೇ ಇದ್ದವು. ರಾಮಲಿಂಗಯ್ಯನ ಮನೆಯದು ಸಾರ್ ಹತ್ತಿರ ಇದೆ ಎಂಬುದನ್ನು ಯಾರೂ ಮುಚ್ಚಿಡಲಿಲ್ಲ, ಮರೆಯಲೂ ಇಲ್ಲ. ಆದರೆ ಸಾರ್‌ಗೆ ಕೊಟ್ಟದ್ದನ್ನು ಹೊರಗೆ ಕೊಟ್ಟದ್ದು ಅನ್ನುತ್ತಾರೆಯೇ? ಕಾಲೇಜಿನ ಮೇಷ್ಟ್ರಿಗೆ ಕೊಟ್ಟದ್ದು ದೇವರ ಗೂಡಿನಲ್ಲಿಟ್ಟ ಹಾಗೆ. ಹಾಗಾಗಿ ಉಳಿದವನು ಒಬ್ಬನೇ, ವಿಡಿಯೊ ತೆಗೆದವನು. ಚಿತ್ರದ ಮೂಲೆಯಲ್ಲಿ ಅವನ ಸ್ಟುಡಿಯೋದ ಹೆಸರೂ ಇತ್ತಲ್ಲ.

ಆ ಸ್ಟುಡಿಯೋದ ಆಫ್ತಾಬನಿಗೆ ಇಪ್ಪತ್ತಾರು ವರ್ಷ. ಮನೆಮಂದಿಯೆಲ್ಲ ಗೊಂಬೆ ಕಡೆಯುವವರು. ಇವನು ಕ್ಯಾಮರಾ ಹಿಡಿದವನು. ದಪ್ಪ ಗಾಜಿನ ಕನ್ನಡಕ. ಅದಿಲ್ಲದೆ ನಾಲ್ಕು ಅಡಿ ಆಚೆಗಿನ ಮನುಷ್ಯ ಅವನಿಗೆ ಕಾಣುತ್ತಿರಲಿಲ್ಲ. ಸ್ಟುಡಿಯೋ ಬಾಗಿಲಲ್ಲಿ ಇವರ ಮುಖ ನೋಡಿ ಅವನು ಎದ್ದು ನಿಂತ. ಅವರ ಹಿಂದೆ ಕಾಲೇಜಿನ ಸಾರ್ ನಿಂತದ್ದು ನೋಡಿ ನಿರಾಳವಾದ.

"ಸಾರ್ ಬಂದ್ರಲ್ಲ. ಸರಿ ಹೋಯ್ತು ಬಿಡಿ."

ನಾನು ಬಿಟ್ಟಿಲ್ಲ ಎಂದ. ಒಂಬತ್ತು ದಿನದಿಂದ ನಾನೂ ನಿದ್ದೆ ಮಾಡಿಲ್ಲ ಎಂದ. ಆ ಪೇಜಿನವನಿಗೆ ನಾಲ್ಕು ಸಲ ಮೆಸೇಜು ಹಾಕಿದ್ದೇನೆ, ನೋಡಿ ಎಂದು ಮೊಬೈಲು ತೆರೆದ. ಬಾಲರಾಜು ಇಣುಕಿದ. ಅವನಿಗೆ ಕಂಡದ್ದು 'ಹಲ್ಲುಕಿರಿ' ಎಂಬ ಹೆಸರು ಮಾತ್ರ.

"ನೋಡ್ ಭಾವ. ಇವ್ನ್ ಫೋನ್ನಾಗೇ ಐತೆ."

"ಅಣ್ಣ, ಓದಿ ಅಣ್ಣ. ಸಾರ್, ನೀವು ಓದಿ ಹೇಳಿ ಇವ್ರಿಗೆ."

ಮೊಬೈಲು ಅನಂತರಾಜುವಿನ ಕೈಗೆ ಬಂತು. ಅವನು ಆ ಮೆಸೇಜುಗಳನ್ನು ಮೊದಲೇ ಓದಿದ್ದ. 'ಅಣ್ಣ ಇದು ಚಿಕ್ಕ ಹುಡುಗಿ, ತೆಗೀರಿ.' 'ಅಣ್ಣ ದಯವಿಟ್ಟು.' ಕೊನೆಯದು: 'ನಗಬೇಕಂದ್ರೆ ನಂದು ಹಾಕಿ. ನನಗೆ ಹಾಡಕ್ಕೆ ಬರಲ್ಲ. ಹಾಡಿ ಕಳಿಸ್ತೀನಿ, ಇದನ್ನ ತೆಗೀರಿ.' ಅದರ ಕೆಳಗೆ ಪೇಜಿನಿಂದ ಹೋದ ಉತ್ತರ, ಹಲ್ಲು ಬಿಟ್ಟು ನಗುವ ಒಂದು ಹಳದಿ ಮುಖ. ಅದನ್ನು ಒತ್ತುವಾಗ ಅನಂತರಾಜು ಇಡ್ಲಿ ತಿನ್ನುತ್ತಿದ್ದ.

ಗಟ್ಟಿಯಾಗಿ ಓದಿದರೆ ಸಾಕಿತ್ತು. ತಪ್ಪು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. ನಾಲ್ಕು ಸಾಲು ಓದಿದ್ದರೆ ಈ ಹುಡುಗ ಉಳಿಯುತ್ತಿದ್ದ. ಆದರೆ ಓದಿದ ಮೇಲೆ ಅವರು ಕೇಳುತ್ತಾರೆ, ಹಾಗಾದರೆ ಮತ್ಯಾರು? ಆಗ ಎಲ್ಲರೂ ಮತ್ತೆ ಲೆಕ್ಕ ಹಾಕುತ್ತಾರೆ.

"ಇದರಲ್ಲಿ ಏನೂ ಸ್ಪಷ್ಟ ಇಲ್ಲ," ಎಂದ ಅನಂತರಾಜು, ಮೊಬೈಲನ್ನು ಹಿಂದಕ್ಕೆ ಕೊಡುತ್ತ.

ಆಫ್ತಾಬ್ ಅವನನ್ನೇ ನೋಡಿದ. ಸಿಟ್ಟಿರಲಿಲ್ಲ. ಸಾರ್‌ಗೆ ಓದಲು ಬಾರದೇ ಹೋಯಿತೇ ಎಂಬಂಥ ಬೆರಗಿತ್ತು.

ಬಾಲರಾಜು ಅವನ ಕುತ್ತಿಗೆಪಟ್ಟಿ ಹಿಡಿದು ರಸ್ತೆಗೆ ಎಳೆದ. ಎಳೆಯುವ ಮೊದಲು ಕನ್ನಡಕವನ್ನು ಎರಡೂ ಕೈಯಿಂದ ಹುಷಾರಾಗಿ ಬಿಚ್ಚಿ ತೆಗೆದ.

"ಸಾ, ಒಸಿ ಇಡ್ಕಳಿ. ಗಾಜು ಕಣ್ಣಿಗೆ ಚುಚ್ಕಂಡ್ರೆ ಕೇಸಾಯ್ತದೆ."

ಮೊದಲ ಏಟು ಕೆನ್ನೆಗೆ, ಎರಡನೆಯದು ಬಾಯಿಗೆ. ಆಫ್ತಾಬ್ ಕಣ್ಣು ಕಿರಿದು ಮಾಡಿಕೊಂಡು ಏಟು ಯಾವ ಕಡೆಯಿಂದ ಬರುತ್ತದೆ ಎಂದು ಹುಡುಕುತ್ತಿದ್ದ. ಕಾಣದೆ ತಪ್ಪಾದ ಕಡೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಜನ ಸೇರಿದರು. ಯಾರೋ ಒಳಗಿಂದ ಕ್ಯಾಮರಾದ ಸ್ಟ್ಯಾಂಡು ತಂದುಕೊಟ್ಟರು. ಬಾಲರಾಜು ಅದರಲ್ಲಿ ಅವನ ಬಲಗೈಗೆ ಹೊಡೆದ. ಬೆರಳುಗಳು ಹಸಿ ಕಡ್ಡಿ ಮುರಿದಂತೆ ಸದ್ದು ಮಾಡಿದವು. ವಿಷಯ ಏನೆಂದು ಗೊತ್ತಿಲ್ಲದವರೂ ಎರಡೆರಡು ಒದ್ದರು. ಗೊತ್ತಿದ್ದ ಒಬ್ಬ ಒದೆಯುತ್ತ ಒದೆಯುತ್ತ, ಯುವರಾಜ ಯುದ್ಧಕ್ಕೆ ಎಂದ. ಸುತ್ತ ಹತ್ತು ಹದಿನೈದು ಮೊಬೈಲುಗಳು ಮೇಲಕ್ಕೆದ್ದಿದ್ದವು.

ರಾಮಲಿಂಗಯ್ಯ ಒಂದು ಏಟೂ ಹೊಡೆಯಲಿಲ್ಲ. ಅವನು ಪದೇ ಪದೇ ಅನಂತರಾಜುವಿನ ಕಡೆ ನೋಡುತ್ತಿದ್ದ. ಸಾರ್ ಸಾಕು ಅಂದರೆ ಸಾಕು. ಬಾಲರಾಜುವೂ ಏಟಿನ ನಡುವೆ ಒಂದು ಸಲ ತಿರುಗಿ ನೋಡಿದ. ಅನಂತರಾಜು ಅವರು ತಾವಾಗಿಯೇ ನಿಲ್ಲಿಸಲಿ ಎಂದು ಕಾಯುತ್ತಿದ್ದ. ಇನ್ನೊಂದು ಏಟಿಗೆ ನಿಲ್ಲಿಸುತ್ತಾರೆ ಎಂದುಕೊಂಡ. ಇನ್ನೊಂದಕ್ಕೆ. ಅವರು ಅವನಿಗಾಗಿ ಕಾಯುತ್ತ ಹೊಡೆದರು, ಅವನು ಅವರಿಗಾಗಿ ಕಾಯುತ್ತ ನಿಂತ.

ಕೊನೆಗೆ ನಿಲ್ಲಿಸಿದ್ದು ಸಾತನೂರು ಬಸ್ಸು. ದಾರಿ ಇಲ್ಲದೆ ಅದು ಹಾರನ್ನು ಒತ್ತಿ ಹಿಡಿಯಿತು. ಗುಂಪು ಎರಡಾಗಿ ಸರಿಯಿತು. ಆಫ್ತಾಬನನ್ನು ಇಬ್ಬರು ಹೆಗಲಿಗೆ ಕೈ ಕೊಟ್ಟು ಚರಂಡಿಯ ಪಕ್ಕಕ್ಕೆ ಸರಿಸಿದರು, ಬಸ್ಸು ಹೋಗಲಿ ಎಂದು. ಅವನ ಬಾಯಿಂದ ರಕ್ತ ಜೊಲ್ಲಿನ ಜೊತೆ ಇಳಿಯುತ್ತಿತ್ತು. ಅವನು ಎಡಗೈಯಲ್ಲಿ ನೆಲ ತಡವುತ್ತಿದ್ದ.

"ಸಾರ್," ಎಂದ, ಯಾರೂ ಇಲ್ಲದ ಕಡೆಗೆ ಮುಖ ಮಾಡಿ. "ನನ್ ಕನ್ನಡಕ."

ಅಷ್ಟರಲ್ಲಿ ರಾಮಲಿಂಗಯ್ಯ ಸಾರ್ ರಟ್ಟೆ ಹಿಡಿದು ಗಾಡಿ ಹತ್ತಿಸಿದ್ದ. ಪೊಲೀಸಿನವರು ಬಂದರೆ ನಿಮ್ಮ ಹೆಸರು ಬರಬಾರದು ಎಂಬ ಕಾಳಜಿ ಅವನಿಗೆ. ಮನೆ ಮುಂದೆ ಇಳಿಸಿ ಕೈಮುಗಿದ.

"ಮಗೀಗ್ ಓಗಿ ಏಳ್ತೀನಿ ಸಾ. ನಿಮ್ ಮುಂದೇನೇ ನ್ಯಾಯ ಆಯ್ತು ಅಂತ."

ಏನಾದರೂ ಹೇಳಬೇಕಿತ್ತು. ಅನಂತರಾಜು, ಅವಳಿಗೆ ಪರೀಕ್ಷೆ ಹತ್ತಿರ ಬಂತು, ಓದಿಕೊಳ್ಳಲು ಹೇಳಿ ಎಂದ.

ಒಳಗೆ ಬಂದು ಬಾಗಿಲು ಹಾಕಿ ಜೇಬಿನಿಂದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕೈ ತೊಳೆದ. ಮತ್ತೆ ತೊಳೆದ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರವಾಗಿ ಮೇಜಿನ ಮೇಲೆ ಬಿದ್ದಿತ್ತು. ದಿಂಬಿನ ಕೆಳಗೆ ಮೊಬೈಲು ಇನ್ನೂ ಗುಂಯ್‌ಗುಡುತ್ತಿತ್ತು. ತೆಗೆಯಬಾರದು ಎಂದುಕೊಂಡೇ ತೆಗೆದ.

ಪೇಜಿಗೆ ಒಂದು ಹೊಸ ವಿಡಿಯೊ ಬಂದಿತ್ತು. ಕಳಿಸಿದವನು ಯಾರೋ ಗೊತ್ತಿಲ್ಲದವನು. ಅಡ್ಮಿನ್ ಸಾ, ಬಿಸಿ ಬಿಸಿ ಐತೆ, ನಿಮ್ ಸ್ಟೈಲ್ನಾಗೆ ಒಂದ್ ಲೈನ್ ಆಕಿ ಬುಡಿ ಎಂದು ಬರೆದಿದ್ದ.

ಅನಂತರಾಜು ಒತ್ತಿದ.

ಏಟುಗಳ ಸದ್ದನ್ನು ತೆಗೆದುಹಾಕಿ ಅದರ ಮೇಲೆ ನವ್ಯಶ್ರೀಯ ಹಾಡನ್ನು ಕೂರಿಸಿದ್ದರು. ಒಡೆದ ಗಂಟಲು ಕಿರುಚುತ್ತಿತ್ತು, ಪೆಟ್ಟಿಗೆ ಅದರ ಹಿಂದೆ ಓಡುತ್ತಿತ್ತು, ಸ್ಟ್ಯಾಂಡು ಅದೇ ತಾಳಕ್ಕೆ ಎದ್ದು ಬೀಳುತ್ತಿತ್ತು. ಆಫ್ತಾಬ್ ಬಿದ್ದ. ಎದ್ದ. ಮತ್ತೆ ಬಿದ್ದ. ಗುಂಪಿನ ಒಳಸಾಲಿನಲ್ಲಿ ಇಸ್ತ್ರಿ ಅಂಗಿಯ ಒಬ್ಬ ನಿಂತಿದ್ದ. ಯಾರಿವನು ಎಂದು ಅನಂತರಾಜು ಒಂದು ಕ್ಷಣ ನಿಜವಾಗಿಯೂ ಯೋಚಿಸಿದ.

ಆ ಮನುಷ್ಯ ಕನ್ನಡಕ ಒರೆಸುತ್ತಿದ್ದ. ತಲೆ ತಗ್ಗಿಸಿ, ಗಾಜಿನ ಮೇಲೆ ಬಾಯಿಂದ ಹಬೆ ಊದಿ, ಅಂಗಿಯ ಚುಂಗಿನಿಂದ ಮೆಲ್ಲಗೆ ತಿಕ್ಕುತ್ತಿದ್ದ. ಬಿಸಿಲಿಗೆ ಎತ್ತಿ ಹಿಡಿದು ನೋಡಿದ. ಸಮಾಧಾನವಾಗಲಿಲ್ಲ. ಮತ್ತೆ ಊದಿದ. ಮತ್ತೆ ಒರೆಸಿದ. ಅವನಿಂದ ಒಂದು ಮಾರು ದೂರದಲ್ಲಿ ಬೆರಳು ಮುರಿಯುತ್ತಿದ್ದವು.

ಹೀಗೆ ಮಾಡಿದ್ದು ಅನಂತರಾಜುವಿಗೆ ನೆನಪಿರಲಿಲ್ಲ.

ವಿಡಿಯೊ ಮುಗಿದು ತಾನಾಗಿ ಮೊದಲಿನಿಂದ ಶುರುವಾಯಿತು. ಹುಡುಗಿ ಮತ್ತೆ ಹಾಡತೊಡಗಿದಳು. ಅವನ ತಲೆಯಲ್ಲಿ ಒಂದು ಸಾಲು ಆಗಲೇ ಹೊಳೆದಿತ್ತು. ಬೇಡ ಬೇಡ ಎಂದರೂ ಪದಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂತಿದ್ದವು. ಲಯ ಚೆನ್ನಾಗಿತ್ತು. ಅವನು ಮೊಬೈಲನ್ನು ಎಸೆಯಲೂ ಇಲ್ಲ, ಬರೆಯಲೂ ಇಲ್ಲ, ಹಾಡು ನಿಲ್ಲಲಿ ಎಂದು ಕಾಯುತ್ತ ಕೂತ. ಮೇಜಿನ ಮೇಲೆ ಕನ್ನಡಕದ ಕಡ್ಡಿಗೆ ಸಿಡಿದ ರಕ್ತ ಒಣಗಿ ಕಪ್ಪಾಗಿತ್ತು. ಗಾಜು ಮಾತ್ರ ಎಷ್ಟು ಚೊಕ್ಕವಾಗಿತ್ತೆಂದರೆ ಅಲ್ಲಿ ಗಾಜಿದೆ ಎಂದೇ ತಿಳಿಯುತ್ತಿರಲಿಲ್ಲ.