ಸುಮ್ಮನಿದ್ದರೂ ಕೆಂಪೇ

ಬ್ರೇಕು ಹಿಡಿಸುವ ಗಾಳಿಯ ಒತ್ತಡ ಇಳಿದಾಗ ಹತ್ತಬೇಕಾದ ಕೆಂಪು ದೀಪದ ಬಲ್ಬನ್ನು ಸಾವಕಾರ ಶಿವಲಿಂಗ, ದುರಸ್ತಿಗೆಂದು ಗಾಡಿ ನಿಲ್ಲಬಾರದೆಂದು, ತನ್ನ ಲಾರಿಯಿಂದ ಕೀಳಿಸಿದ. ಡ್ರೈವರ್ ಗೇಮಪ್ಪನಿಗೆ ಹೇಳಲಿಲ್ಲ. ಲಾರಿ ಅನಮೋಡ ಘಟ್ಟದ ಕಮರಿಗೆ ಬಿತ್ತು. ಗೇಮಪ್ಪ ಸತ್ತ. ಡ್ರೈವರನ ತಪ್ಪು ಎಂದು ಪೊಲೀಸರು ಬರೆದುಕೊಂಡರು.

ಡಿಪ್ಲೊಮಾ ಮುಗಿಸಿ ಮುಂಡಗೋಡದ ತಾಂಡಾದಲ್ಲಿ ಕೂತಿದ್ದ ಗೇಮಪ್ಪನ ಮಗಳು ಕಾಜಲ್‌ಗೆ ಶಿವಲಿಂಗ ತನ್ನ ದಾಂಡೇಲಿ ಗ್ಯಾರೇಜಿನಲ್ಲಿ ಕೆಲಸ ಕೊಟ್ಟ. ಸಾವಕಾರನದು ದೊಡ್ಡ ಮನಸ್ಸು ಅಂದರು ಜನ. ಹೌದು, ದೊಡ್ಡದೇ. ಕೊಂದ ಕೈಯಿಂದಲೇ ತುತ್ತು ತಿನ್ನಿಸಿ ಬಾಯಿ ಕಟ್ಟುವಷ್ಟು ದೊಡ್ಡದು. ಬಲ್ಬಿನ ಸುದ್ದಿ ಅವಳಿಗೆ ತಿಳಿದದ್ದು ಆಮೇಲೆ, ಗ್ಯಾರೇಜಿನ ಮಿಸ್ತ್ರಿಯ ಬಾಯಿಂದ.

ಹಳೆಯ ಲಾರಿಗಳ ಮೀಟರುಗಳೆಲ್ಲ ಕೆಟ್ಟಿದ್ದವು. ಹೊಸದು ಕೊಳ್ಳಲು ಶಿವಲಿಂಗನಿಗೆ ಕೈ ಬರಲಿಲ್ಲ. ಕಾಜಲ್ ತಾನೇ ಮಾಡಿದಳು. ಲಾರಿಗೆ ಮೂರು ಮೈಕ್ರೊಕಂಟ್ರೋಲರ್ ಬೋರ್ಡು, ಅಂಗೈಗಿಂತ ಸಣ್ಣ ಕಂಪ್ಯೂಟರುಗಳ ಹಾಗೆ. ಒಂದು ಎಂಜಿನ್ನಿನ ಬಿಸಿ ನೋಡುವುದು, ಒಂದು ಬ್ರೇಕಿನ ಗಾಳಿ ಟ್ಯಾಂಕಿಗೆ ಅಂಟಿ ಕೂತದ್ದು, ಇನ್ನೊಂದು ಸ್ಟೇರಿಂಗಿನ ಹಿಂದೆ, ಪರದೆಯ ಜೊತೆ. ಹುರಿ ಹೊಸೆದ ಎರಡು ತಂತಿಗಳ ಮೇಲೆ ಅವು ಎಡೆಬಿಡದೆ ಮಾತಾಡಿಕೊಳ್ಳುತ್ತಿದ್ದವು.

ಯಾರನ್ನೂ ಕೇಳದೆ ಅವಳು ಅದರೊಳಗೆ ಒಂದು ಕಟ್ಟಳೆ ಬರೆದಿದ್ದಳು. ಗಾಳಿ ಇಳಿದಿದೆ ಎಂದು ಟ್ಯಾಂಕಿನ ಬೋರ್ಡು ಹೇಳಿದರೆ ಪರದೆ ಕೆಂಪು. ಅದು ಮಾತೇ ಆಡದಿದ್ದರೂ ಕೆಂಪು. ದೀಪ ಹತ್ತಿಲ್ಲ, ಎಲ್ಲ ಸರಿಯಿದೆ ಎಂದು ನಂಬಿಕೊಂಡೇ ಅಲ್ಲವೇ ಅಪ್ಪ ಘಟ್ಟ ಇಳಿದದ್ದು?

ಅವತ್ತು ಡ್ರೈವರ್ ಮಲಕಪ್ಪ ಲೋಡು ತುಂಬಿದ ಲಾರಿ ಚಾಲು ಮಾಡಿದ. ಪರದೆ ಕೆಂಪಾಗಿ, ಅದರ ಬಜರ್ ಕಿರುಚತೊಡಗಿತು.

"ನಮ್ಮ ಮನ್ಯಾಕಿಗಿಂತ ಜೋರ ಐತಲ್ಲವ್ವಾ ಇದು!" ಎಂದು ನಕ್ಕ.

"ಇಳೀರಿ ಕಾಕಾ. ಗಾಳಿ ಸೋರಾಕತ್ತೈತಿ."

ಶಿವಲಿಂಗ ಬಂದವನೇ ಲಾರಿಯಡಿ ಬಗ್ಗಿ ಟ್ಯಾಂಕಿನ ಬೋರ್ಡಿನ ತಂತಿ ಕಿತ್ತು ಎಸೆದ. ಪರದೆ ಹಾಗೇ ಕೆಂಪು. ಹಾಗೇ ಕಿರುಚಾಟ.

"ತಂತಿ ಕಿತ್ತರೂ ಬಾಯಿ ಮುಚ್ಚವಲ್ದಲ್ಲ ಇದು!"

"ನೀವು ಕೀಳ್ತೀರಿ ಅಂತ ಗೊತ್ತಿತ್ರೀ."

"ಲ್ಯಾಪ್‌ಟಾಪ್ ತಗಿ. ಹಸರ ತೋರ್ಸು ಅಂತ ಬರಿ. ಮಾಲು ಇವತ್ತ ಗೋವಾ ಮುಟ್ಟಬೇಕು. ಅನ್ನ ಹಾಕಿದಾಂವ ನಾನು, ಮರ್ತೀ ಏನ?"

"ಮರ್ತಿಲ್ರೀ. ಅನ್ನ ಹಾಕೂಕಿಂತ ಮೊದಲ ನಮ್ಮಪ್ಪನ ಗಾಡ್ಯಾಗಿನ ಬಲ್ಬ್ ಕೀಳ್ಸೀರಿ. ಅದನ್ನೂ ಮರ್ತಿಲ್ಲ."

ಮಲಕಪ್ಪನ ನಗು ಹಾರಿಹೋಯಿತು. "ಯಾವ ಬಲ್ಬ್ರೀ ಸಾವಕಾರ್ರ?"

ಶಿವಲಿಂಗ ಕಾಜಲ್‌ಳ ಮುಖದ ಮುಂದೆ ಬೆರಳು ಆಡಿಸಿದ. "ಬರೀತಿಯೋ, ಗಂಟುಮೂಟಿ ಕಟ್ಟತಿಯೋ?"

ಅವಳು ಕಿತ್ತ ತಂತಿಯನ್ನು ನೆಲದಿಂದ ಎತ್ತಿ, ಮಣ್ಣು ಒರೆಸಿದಳು.

"ಬರಿಯಂಗಿಲ್ಲ," ಅಂದಳು. "ಒದರ್ಲಿ ಅದು."