ಇದ್ದಿಲು ಹಾಕು

ಊಟ ಮುಗಿಸಿದ ಪಂಚಾಕ್ಷರಪ್ಪ ತಟ್ಟೆಗೆ ನೀರು ಸುರಿದು, ಬೆರಳಾಡಿಸಿ ತೊಳೆದು, ಆ ನೀರನ್ನೇ ಎತ್ತಿ ಕುಡಿದುಬಿಟ್ಟ. ವೇಷ ಬಯಲಾಯಿತೆಂದುಕೊಂಡ ಲಾಲ್‌ಸಾಬ. ಲಿಂಗಾಯತರ ಮನೆಯಲ್ಲಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ; ಅಲ್ಲಿ ಕೊನೆಯ ಅಗುಳೂ ಪ್ರಸಾದ. ಆದರೆ ಇದು ಸೂಳೆಕೆರೆ ದಂಡೆಯಲ್ಲಿರುವ ಅವನ ತಂಗಿ ರಹಮತ್‌ಬೀಯ ಮನೆ. ಮಫ್ತಿಯಲ್ಲಿ ಬಂದ ಈ ಪೊಲೀಸಪ್ಪ ಇಲ್ಲಿ ಕಲಾಯಿಗಾರ ಲಾಲ್‌ಸಾಬನ ತಿದಿ ಒತ್ತುವ ಆಳು, ಸುಬಾನಸಾಬ ಎಂಬ ಸುಳ್ಳು ಹೆಸರಿನವ. ಸರ್ಕಾರದ ಕೆಲಸವೆಂದು ಕಣ್ಣುಮುಚ್ಚಿ ರೊಟ್ಟಿ, ಬದನೆಕಾಯಿ ಪಲ್ಯ ತಿಂದಿದ್ದ.

ರಹಮತ್‌ಬೀ ನೋಡಿದಳು. ಅಣ್ಣನ ಮುಖವನ್ನೇ ದಿಟ್ಟಿಸಿದಳು. ಪೊಲೀಸನನ್ನು ತಂಗಿಯ ಮನೆಯೊಳಗೆ ಕರೆತಂದದ್ದಕ್ಕೆ ಲಾಲ್‌ಸಾಬನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಪಕ್ಕದಲ್ಲಿ ಉಣ್ಣುತ್ತಿದ್ದವನೂ ತಟ್ಟೆ ತೊಳೆದು ಕುಡಿದ. ಜಗಳೂರಿನಿಂದ ಬಲೆ ಹೆಣೆಯಲು ಬಂದ ಗಂಡನ ಕಡೆಯ ನೆಂಟ ಎಂದು ರಹಮತ್‌ಬೀ ಹೇಳಿದ್ದಳು.

ಇವನೂ ಲಿಂಗಾಯತನೆಂದು ಲಾಲ್‌ಸಾಬನಿಗೆ ಹೊಳೆಯಿತು. ಬ್ರಿಟಿಷರ ಯುದ್ಧದ ನಡುವೆ, ಚಳವಳಿಯಲ್ಲಿ ಹೊನ್ನಾಳಿಯ ಟೆಲಿಗ್ರಾಫ್ ತಂತಿ ಕತ್ತರಿಸಿ ತಲೆಮರೆಸಿಕೊಂಡ ಕೊಟ್ರಬಸಪ್ಪ ಇವನೇ. ಜೊತೆಗಿದ್ದ ಲಾಲ್‌ಸಾಬನ ಮಗ ಖಾಜಾ ಮಾತ್ರ ಸಿಕ್ಕಿಬಿದ್ದಿದ್ದ. ಲಾಕಪ್ಪಿನಲ್ಲಿ ಎಷ್ಟು ಬಡಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಪೊಲೀಸರು ಅಪ್ಪನನ್ನು ಹಿಡಿದರು. ಕಲಾಯಿ ಹಾಕುತ್ತ ಊರೂರು ಸುತ್ತಿ ಕೊಟ್ರಬಸಪ್ಪನನ್ನು ತೋರಿಸು, ಮಗನನ್ನು ಕರೆದುಕೊಂಡು ಹೋಗು ಎಂದರು. ಗುರುತು ಹತ್ತಿದ ಕೂಡಲೇ ಪಂಚಾಕ್ಷರಪ್ಪನಿಗೆ 'ಇದ್ದಿಲು ಹಾಕು' ಅನ್ನಬೇಕು, ಅಷ್ಟೇ.

ಪಂಚಾಕ್ಷರಪ್ಪನಿಗೆ ಏನೂ ಹೊಳೆದಿರಲಿಲ್ಲ. ತಟ್ಟೆ ತೊಳೆದು ಕುಡಿಯುವುದು ಅವನು ಹುಟ್ಟಿದಾಗಿನಿಂದ ತನ್ನ ಮನೆಯಲ್ಲೇ ಕಂಡದ್ದು, ಅದರಲ್ಲಿ ವಿಶೇಷವೇನು?

ಅಂಗಳದಲ್ಲಿ ಲಾಲ್‌ಸಾಬ ತಂಗಿಯ ತಾಮ್ರದ ಪಾತ್ರೆಯನ್ನು ಬೆಂಕಿಗಿಟ್ಟು ತವರ ಸವರತೊಡಗಿದ. ಅರ್ಧ ಮುಗಿಯುವ ಹೊತ್ತಿಗೆ ಬೆಂಕಿ ಕುಗ್ಗಿತು. ಆ ಒಂದು ಮಾತು ಅಂದರೆ ಸಂಜೆಯೊಳಗೆ ಮಗ ಮನೆಯಲ್ಲಿರುತ್ತಿದ್ದ. ಲಾಲ್‌ಸಾಬ ಬಾಯಿ ತೆರೆದ.

"ಅಣ್ಣಾ, ಖಾಜಾ ಹೆಂಗದಾನೆ?" ರಹಮತ್‌ಬೀ ಬಾಗಿಲಲ್ಲೇ ನಿಂತು ಕೇಳಿದಳು. ಅವಳ ಹಿಂದೆ ಬಲೆ ಹೆಣೆಯುತ್ತಿದ್ದ ಕೈ ನಿಂತಿತು.

ಲಾಲ್‌ಸಾಬ ತಂಗಿಯ ಕಡೆ ತಿರುಗಿದ. "ಗಟ್ಟಿ ಅದಾನಮ್ಮ. ಇನ್ನೂ ಬಾಯಿ ಬಿಟ್ಟಿಲ್ಲ."

"ಚಾಚಾ, ಬೆಂಕಿ ಸಾಲಾಕಿಲ್ಲ," ಎಂದ ಪಂಚಾಕ್ಷರಪ್ಪ, ಅವನನ್ನೇ ನೋಡುತ್ತ. "ಇದ್ದಿಲು ಹಾಕ್ಲೇನು?"

"ಬ್ಯಾಡ. ಇಲ್ಲೇನೂ ಇಲ್ಲ. ಮುಂದಿನ ಊರಿಗೆ ಹೋಗಾಕೆ ಹೊತ್ತಾತು."

ಲಾಲ್‌ಸಾಬ ತಂಬಿಗೆಯ ನೀರನ್ನು ಕೆಂಡದ ಮೇಲೆ ಸುರಿದ. ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ ಉಳಿದ ಪಾತ್ರೆಯನ್ನು ರಹಮತ್‌ಬೀ ಸೆರಗಿನಲ್ಲಿ ಹಿಡಿದು ಒಳಗೆ ಒಯ್ದಳು.