ಮಾವನ ಮೇಲಿನ ಸೆಟ್ಟು

ಹಲ್ಲಿನ ಡಾಕ್ಟರ ಕೈ ಎಷ್ಟು ಮೆತ್ತಗೆಂದರೆ, ಅವರು ಕಿತ್ತ ಹಲ್ಲಿಗೇ ತಾನು ಬಾಯಿಂದ ಹೊರಗೆ ಬಂದದ್ದು ಸಂಜೆಯವರೆಗೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಕುರ್ಚಿಯ ಮೇಲಿನ ದೀಪ ಹಚ್ಚಿದರೆ ಮಧ್ಯಾಹ್ನದ ತನಕ ಅವರ ಬಾಯಲ್ಲಿ ಒಂದೇ ಜಪ: "ನೋಯಲ್ಲ, ನೋಯಲ್ಲ, ಆಯ್ತು ಆಯ್ತು, ನೋಯಲ್ಲ." ಬಂದವರು ಅವರ ಬೆರಳು ಕಚ್ಚುತ್ತಿದ್ದರು, ಕೋಟಿನ ಮೇಲೆ ಉಗುಳುತ್ತಿದ್ದರು, ಸೂಜಿ ಕಾಣುವ ಮೊದಲೇ ಬೀದಿಯೆಲ್ಲ ಎದ್ದು ಬರುವಂತೆ ಅರಚುತ್ತಿದ್ದರು. ಡಾಕ್ಟರು ಮಾತ್ರ ಮುಗುಳ್ನಗುತ್ತಿದ್ದರು. ಹಾಗೆ ಮುಗುಳ್ನಕ್ಕು ಮುಗುಳ್ನಕ್ಕು ಅವರದೇ ದವಡೆ ಬಿಗಿದುಹೋಗಿತ್ತು.

ಆ ದವಡೆಗೆ ಮದ್ದಿದ್ದದ್ದು ಇಡೀ ಊರಿನಲ್ಲಿ ಒಂದೇ ಕಡೆ, ಬಸ್ ಡಿಪೋದ ಹಿಂದಿನ ಹಳೇ ಟಾಕೀಸಿನಲ್ಲಿ. ಕ್ಲಿನಿಕ್ಕಿನ ಬಾಗಿಲಿಗೆ 'ಡಾಕ್ಟರು ತುರ್ತು ಚಿಕಿತ್ಸೆಗೆ ಹೋಗಿದ್ದಾರೆ' ಎಂಬ ಬೋರ್ಡು ತೂಗುಹಾಕಿ, ಮುಖಕ್ಕೆ ಮಾಸ್ಕು, ತಲೆಗೆ ಟೋಪಿ ಏರಿಸಿಕೊಂಡು ಅವರು ಮ್ಯಾಟಿನಿಗೆ ಓಡುತ್ತಿದ್ದರು. ಬೋರ್ಡು ಸುಳ್ಳು ಹೇಳುತ್ತಿರಲಿಲ್ಲ. ಚಿಕಿತ್ಸೆ ಯಾರಿಗೆ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಆ ಟಾಕೀಸಿಗೆ ಬರುತ್ತಿದ್ದುದು ಒಂದೇ ನಮೂನೆಯ ಸಿನಿಮಾ. ಹೆಸರಿನಲ್ಲೇ ರಕ್ತ ಇರಬೇಕು. ಪೋಸ್ಟರ್ ಅಂಟಿಸಿದ ಗೋಡೆ ಕೂಡ ತೊಟ್ಟಿಕ್ಕುವಂತೆ ಕಾಣಬೇಕು. ಹೀರೋ ಎದೆಗೆ ಗುಂಡು ಹೊಕ್ಕರೆ ಅದನ್ನು ಚಮಚದಲ್ಲಿ ತೋಡಿ ತೆಗೆದು, ಅದೇ ಗುಂಡನ್ನು ಬಾಯಿಂದ ಉಫ್ ಎಂದು ಊದಿ ಮೂವರನ್ನು ಮಲಗಿಸುತ್ತಿದ್ದ. ಒಂದು ಗುದ್ದಿಗೆ ರೌಡಿಯ ಬಾಯಿಂದ ಉದುರುತ್ತಿದ್ದುದು ಮೂವತ್ತೆರಡಲ್ಲ, ನಲವತ್ತು ಹಲ್ಲು. ಡಾಕ್ಟರು ಕಣ್ಣಾರೆ ಎಣಿಸಿದ್ದರು, ಕಸುಬಿನ ಆಣೆ! ಒಂದು ದವಡೆಹಲ್ಲಿಗೆ ಮುಕ್ಕಾಲು ಗಂಟೆ ತಿಣುಕುವ ಮನುಷ್ಯನಿಗೆ ಇದಕ್ಕಿಂತ ಸ್ವರ್ಗ ಬೇಕೆ? ಅಲ್ಲಿ ಯಾರೂ ಯಾರಿಗೂ 'ನೋಯಲ್ಲ' ಎನ್ನುತ್ತಿರಲಿಲ್ಲ.

ಹೀರೋಯಿನ್ನಿಗೆ ಎರಡು ಕೆಲಸ: ಮಳೆಯಲ್ಲಿ ನೆನೆಯುವುದು, ಅಪಹರಣವಾಗುವುದು. ಹೀರೋನ ತಂಗಿಗೆ ಅಷ್ಟೂ ಇಲ್ಲ; ಇಂಟರ್‌ವಲ್ಲಿಗೆ ಮುಂಚೆ ಸಾಯುವುದೊಂದೇ. ತಂಗಿ ತೆರೆಯ ಮೇಲೆ ಬಂದು ನಕ್ಕ ಕೂಡಲೇ ಇಡೀ ಟಾಕೀಸು ಪಾಪ್‌ಕಾರ್ನ್‌ಗೆಂದು ಜೇಬು ತಡಕತೊಡಗುತ್ತಿತ್ತು. ಡಾಕ್ಟರಿಗೆ ಆಗ ಒಳಗೆಲ್ಲೋ ಚುಚ್ಚುತ್ತಿತ್ತು. ಚುಚ್ಚಿದ ಜಾಗಕ್ಕೆ ಮುಂದಿನ ಫೈಟು ಬಂದು ಅರಿವಳಿಕೆ ಕೊಡುತ್ತಿತ್ತು.

ಹೆಂಡತಿಗೆ ಎಲ್ಲ ಗೊತ್ತಿತ್ತು. ಅಂಗಿಯ ಜೇಬು ಕೊಡವುವಾಗ ಟಿಕೆಟ್ಟಿನ ಚೂರು ಉದುರಿದರೆ ಕೇಳುತ್ತಿದ್ದರು:

"ಇವತ್ತೂ ಸತ್ಲಾ ತಂಗಿ?"

"ಸತ್ಲು."

"ಏನಾದ್ರೂ ಮಾತಾಡಿದ್ಲಾ, ಪಾಪ?"

"'ಅಣ್ಣಾ' ಅಂದ್ಲು."

"ಮತ್ತೆ?"

"ಅಷ್ಟೇ."

"ನಾಚ್ಕೆ ಆಗಲ್ವೇನ್ರೀ ನಿಮ್ಗೆ?"

"ಆಗತ್ತೆ ಕಣೇ."

ಸುಳ್ಳಲ್ಲ, ನಾಚಿಕೆ ಆಗುತ್ತಿತ್ತು. ಮುಂದಿನ ಮ್ಯಾಟಿನಿಯ ತನಕ ಆಗುತ್ತಿತ್ತು.

ನಾಚಿಕೆಯ ಮಾತು ಹಾಗಿರಲಿ, ಹೆದರಿಕೆ ಇದ್ದದ್ದು ಮಾವನದು. ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲೇ ಅವರ ವಾಸ. ನಿವೃತ್ತ ಪ್ರೊಫೆಸರು, 'ಸದಭಿರುಚಿ ಚಿತ್ರ ಮಂಡಳಿ'ಯ ಸ್ಥಾಪಕರು ಮತ್ತು ಅಂದಿನಿಂದ ಅಧ್ಯಕ್ಷರು. ಮಂಡಳಿ ಭಾನುವಾರ ಭಾನುವಾರ ತೋರಿಸುತ್ತಿದ್ದ ಸಿನಿಮಾಗಳಲ್ಲಿ ಒಬ್ಬ ಮನುಷ್ಯ ಕಿಟಕಿಯಿಂದ ಹೊರಗೆ ನೋಡಲು ಶುರು ಮಾಡಿದರೆ, ಸದಸ್ಯರು ಮನೆಗೆ ಹೋಗಿ ಊಟ ಮುಗಿಸಿ ಒಂದು ನಿದ್ದೆ ತೆಗೆದು ಬಂದರೂ ಅವನು ನೋಡುತ್ತಲೇ ಇರುತ್ತಿದ್ದ. ಅಲ್ಲೂ ತಂಗಿ ಸಾಯುತ್ತಿದ್ದಳು. ಆದರೆ ಇಂಟರ್‌ವಲ್ಲೇ ಇರುತ್ತಿರಲಿಲ್ಲವಾದ್ದರಿಂದ ನಿಧಾನವಾಗಿ ಸಾಯುತ್ತಿದ್ದಳು, ಅದಕ್ಕೆ ಪ್ರಶಸ್ತಿಯೂ ಬರುತ್ತಿತ್ತು.

ಮಾವನ ಪ್ರಾಣವೆಲ್ಲ ಒಂದು ಪದದ ಮೇಲೆ: ನೈಜತೆ. ಸಿನಿಮಾದಲ್ಲಿ ನೈಜತೆ, ಮಾತಿನಲ್ಲಿ ನೈಜತೆ. ಅಳಿಯ ಅವರಿಗೆ ಹಲ್ಲುಸೆಟ್ಟು ಮಾಡಿಕೊಟ್ಟಾಗ ಅದರಲ್ಲೂ ನೈಜತೆ! "ಮುತ್ತು ಪೋಣಿಸಿದ ಹಾಗೆ ಮಾಡ್ಬೇಡಿ ಅಳಿಯಂದ್ರೇ, ಜನ ನಗ್ತಾರೆ" ಎಂದು ಹಟ ಹಿಡಿದು ಮೇಲಿನ ಎಡಗಡೆಯ ಕೋರೆಹಲ್ಲನ್ನು ಬೇಕೆಂದೇ ಸೊಟ್ಟಗೆ ಕೂರಿಸಿಕೊಂಡಿದ್ದರು. ಭೂಮಂಡಲದಲ್ಲಿ ಹಾಗೆ ದುಡಿದು ಸೊಟ್ಟ ಮಾಡಿದ ಹಲ್ಲು ಅದೊಂದೇ.

ಈಗ ಮಾವ ಅಧ್ಯಕ್ಷ ಪಟ್ಟ ಇಳಿಯುವವರಿದ್ದರು. ಬರುವ ಭಾನುವಾರದ ಸಭೆಯಲ್ಲಿ ಹೊಸಬರ ಹೆಸರು ಹೇಳಬೇಕಿತ್ತು. ಕಣದಲ್ಲಿದ್ದವರು ಇಬ್ಬರು ಅಳಿಯಂದಿರು. ಹಿರಿಯಳಿಯ, ಅಂದರೆ ಡಾಕ್ಟರ ಷಡ್ಡಕ, ವಿಮಾ ಕಂಪನಿಯವನು; ಕಣ್ಣೆದುರು ಎರಡು ಬಸ್ಸು ಡಿಕ್ಕಿಯಾದರೂ ಅಪಘಾತವೆಂದು ಒಪ್ಪದವನು. ಡಾಕ್ಟರಿಗೆ ಆ ಪಟ್ಟದ ಆಸೆ ಹೊಟ್ಟೆಯ ಹುಳುವಿನಂತೆ ಕೊರೆಯುತ್ತಿತ್ತು. ಬಾಯಿ ತೆರೆದವರ ಮುಂದೆ ದಿನವೆಲ್ಲ ಮಾತಾಡಿ ಒಂದು ಉತ್ತರವನ್ನೂ ಕಾಣದ ಮನುಷ್ಯ. ಬಾಯಿ ಮುಚ್ಚಿಕೊಂಡು ತನ್ನ ಮಾತು ಕೇಳುವ ಒಂದು ಸಭೆ ಜನ್ಮದಲ್ಲಿ ಒಮ್ಮೆ ಬೇಕಿತ್ತು. ಆದರೆ ಮಂಡಳಿಯ ಕಟ್ಟಳೆ ಖಡಕ್ಕು: ಡಿಪೋ ಹಿಂದಿನ ಟಾಕೀಸಿನ ನೆರಳು ತುಳಿದವರ ಸದಸ್ಯತ್ವ ರದ್ದು.

ಇಷ್ಟಾದರೂ ಆ ಗುರುವಾರ ಹೊಸ ಸಿನಿಮಾ ಬಂದಾಗ ಡಾಕ್ಟರ ಕಾಲು ಕೇಳಬೇಕಲ್ಲ!

ಬಾಲ್ಕನಿಯ ಮುಂದಿನ ಸಾಲು. ಪಕ್ಕದ ಸೀಟಿನಲ್ಲಿ ಒಬ್ಬ ಮುದುಕ, ಕತ್ತಿನಿಂದ ತಲೆಯವರೆಗೆ ಮಫ್ಲರ್ ಸುತ್ತಿ, ಕತ್ತಲೆಯಲ್ಲೂ ಕಪ್ಪು ಕನ್ನಡಕ ಹಾಕಿ ಕೂತಿದ್ದ. ತಂಗಿ ಬಂದಳು, ನಕ್ಕಳು, ಸತ್ತಳು. ಹೀರೋ ಕೆಂಡ ಕಾರಿ, ಎದುರಿಗೆ ಬರುತ್ತಿದ್ದ ಲಾರಿಯನ್ನು ಒದ್ದ. ಲಾರಿ ಹಾರಿತು ನೋಡಿ! ಮೇಲಕ್ಕೆ ಹೋದದ್ದು ಕೆಳಗಿಳಿಯುವಷ್ಟರಲ್ಲಿ ಹೀರೋ ಒಂದು ಸಿಗರೇಟು ಸೇದಿ ಮುಗಿಸಿದ. ಬಳಿಕ ಲಾರಿಯ ಧಣಿಯ ದವಡೆಗೆ ಗುದ್ದಲು ಕೈ ಎತ್ತಿದ. ಆನಂದ ತಡೆಯಲಾರದೆ ಪಕ್ಕದ ಮುದುಕ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ.

ಗುದ್ದು ಬಿದ್ದದ್ದೂ ಶಿಳ್ಳೆ ಹೊರಟದ್ದೂ ಒಂದೇ ಗಳಿಗೆ. ಶಿಳ್ಳೆಯ ಜೊತೆಗೆ ಮುದುಕನ ಮೇಲಿನ ಹಲ್ಲುಸೆಟ್ಟೂ ಹೊರಟಿತು. ಪ್ರೊಜೆಕ್ಟರಿನ ಬೆಳಕಿಗೆ ಸಿಕ್ಕಿ ಅದರ ನೆರಳು ತೆರೆಯ ಮೇಲೆ ಆನೆ ಗಾತ್ರಕ್ಕೆ ಬಾಯಿ ತೆರೆಯಿತು. ರೌಡಿಯ ಹಲ್ಲೇ ಹಾರಿ ಬಂತೆಂದು ಕೆಳಗಿನ ಜನ ಎದ್ದು ನಿಂತು ಕುಣಿದರು. ಎಂಥ ಟೆಕ್ನಿಕ್ಕು ಎಂದು ಒಬ್ಬ ಗಳಗಳನೆ ಅತ್ತೂಬಿಟ್ಟ. ಸೆಟ್ಟು ಬಾಲ್ಕನಿಯ ಕಂಬಿಗೆ ಬಡಿದು ವಾಪಸು ಚಿಮ್ಮಿ ಡಾಕ್ಟರ ಮಡಿಲಿಗೇ ಬಿತ್ತು.

ತೆರೆಯ ಮೇಲೆ ಪೆಟ್ರೋಲ್ ಬಂಕು ಸಿಡಿಯಿತು. ಆ ಬೆಳಕಿನಲ್ಲಿ ಡಾಕ್ಟರು ನೋಡಿದರು: ಮೇಲೆ, ಎಡಗಡೆ, ಕೋರೆಹಲ್ಲು, ಸೊಟ್ಟ.

ಅವರು ಸೆಟ್ಟನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಮುದುಕ ಸೀಟಿನ ಕೆಳಗೆ ಅಂಬೆಗಾಲಿಕ್ಕಿ ತಡಕಾಡುತ್ತಿದ್ದ. ಅಷ್ಟರಲ್ಲಿ ಇಂಟರ್‌ವಲ್ ದೀಪ ಹತ್ತಿಕೊಂಡಿತು. ಮುದುಕ ಮಫ್ಲರಿನಿಂದ ಬಾಯಿ ಮುಚ್ಚಿಕೊಂಡು ಬಾಣದಂತೆ ಓಡಿದ. ಡಾಕ್ಟರು ಸೆಟ್ಟನ್ನು ಜೇಬಿಗಿಳಿಸಿ ಮೆಟ್ಟಿಲಿಳಿದರು. ಎದುರಿನ ಬಸ್ ಸ್ಟಾಪಿನಲ್ಲಿ ಷಡ್ಡಕ ನಿಂತು ತಮ್ಮನ್ನೇ ನೋಡುತ್ತಿದ್ದುದು ಅವರ ಗಮನಕ್ಕೆ ಬರಲೇ ಇಲ್ಲ.

ಸಂಜೆ ಕ್ಲಿನಿಕ್ಕಿನ ಹಿಂಬಾಗಿಲು ಕಿರ್ ಎಂದಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮಾವ.

"ಏನಾಯ್ತು ಮಾವ?"

"ಫೆಟ್ಟು ಹೋಯ್ತು."

"ಹೇಗೆ?"

"ಫ್ನಾನದ ಮನೇಲಿ. ಬಾಯಿ ಮುಕ್ಕಳಿಫ್ತಾ ಇದ್ದೆ. ನೀರಿನ ಫೊತೆ ಮೋರಿಗೆ ಹೊರಟೋಯ್ತು."

"ಛೆ. ಹೊಸದಕ್ಕೆ ಎರಡು ವಾರ ಆಗತ್ತಲ್ಲ ಮಾವ."

"ಎರಡು ವಾರಾನಾ? ಭಾನುವಾರ ಫಭೆ! ನೈಫತೆ ಬಗ್ಗೆ ಭಾಫಣ ಮಾಡ್ಬೇಕು ನಾನು!"

ಜೀವನವಿಡೀ ನಂಬಿದ ಪದ ಬಾಯಿಂದ ಬರೀ ಗಾಳಿಯಾಗಿ ಹೋದದ್ದು ಕೇಳಿ ಮಾವನ ಕಣ್ಣಲ್ಲಿ ನೀರಾಡಿತು. ಡಾಕ್ಟರು ಸದ್ದಿಲ್ಲದೆ ಕಪಾಟು ತೆರೆದು ಒಂದು ಗಾಜಿನ ಲೋಟ ತೆಗೆದಿಟ್ಟರು. ನೀರಿನೊಳಗೆ ಸೆಟ್ಟು ನಗುತ್ತಿತ್ತು.

"ನಿಮ್ಮ ಮೋರಿ ನಮ್ಮ ಕಡೆಗೇ ಹರಿಯತ್ತಲ್ಲ ಮಾವ, ಸಿಕ್ತು." ಚಿಮಟದಲ್ಲಿ ಒಂದು ಸಿಪ್ಪೆಯನ್ನು ಎತ್ತಿ ಹಿಡಿದರು. "ಹಲ್ಲಿನ ಸಂದೀಲಿ ಇದೂ ಇತ್ತು. ಮೋರೀಲಿ ಪಾಪ್‌ಕಾರ್ನ್ ಬೆಳೆಯತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಮಾವ ಸಿಪ್ಪೆಯನ್ನು ನೋಡಿದರು, ಅಳಿಯನನ್ನು ನೋಡಿದರು, ಬಾಗಿಲಲ್ಲಿ ತೂಗುತ್ತಿದ್ದ 'ತುರ್ತು ಚಿಕಿತ್ಸೆ' ಬೋರ್ಡನ್ನೂ ನೋಡಿದರು. ಸೆಟ್ಟು ಬಾಯಿಗಿಟ್ಟು ಟಕ್ಕೆಂದು ಕಚ್ಚಿ ಕೂರಿಸಿಕೊಂಡರು.

"ಅಳಿಯಂದ್ರೇ, ಅಧ್ಯಕ್ಷ ಆಗೋನಿಗೆ ಗುಟ್ಟು ಇಟ್ಕೊಳ್ಳೋ ಹೊಟ್ಟೆ ಇರ್ಬೇಕು."

"ನಂದು ಗೋದಾಮು ಮಾವ."

"ಹಾಗಾದ್ರೆ ಪಟ್ಟ ನಿಮ್ದೇ ಅಂದ್ಕೊಳ್ಳಿ."

ಭಾನುವಾರ ಮಂಡಳಿಯ ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಘನತೆ ತುಂಬಿತ್ತು. ಮಾವ ಹೊಸ ಅಧ್ಯಕ್ಷರ ಹೆಸರು ಹೇಳಲೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಷಡ್ಡಕ ಎದ್ದು ನಿಂತ.

"ಸದಸ್ಯರೇ, ಹೇಳೋಕೆ ಸಂಕಟ ಆಗತ್ತೆ. ನಮ್ಮ ಡಾಕ್ಟ್ರು ಗುರುವಾರ ಆ ಟಾಕೀಸಿಂದ ಹೊರಗೆ ಬರೋದನ್ನ ನಾನೇ ನೋಡಿದೆ. ಮುಖಕ್ಕೆ ಮಾಸ್ಕು!"

ಡಾಕ್ಟರು ಸಿದ್ಧರಾಗಿಯೇ ಬಂದಿದ್ದರು. "ಭಾವ, ಮಾಸ್ಕ್ ಹಾಕ್ಕೊಂಡೋರೆಲ್ಲ ನಾನೇ ಆದ್ರೆ ಊರಿನ ಆಸ್ಪತ್ರೆ ತುಂಬಾ ನಾನೇ ಇದೀನಿ."

ಸಭೆ ಕಿಸಕ್ಕೆಂದಿತು. ಷಡ್ಡಕ ಹಲ್ಲು ಕಡಿದ. "ನಗ್ರೀ, ನಗಿ! ಎಂಥ ಸಿನಿಮಾ ಅಂತ ಪೋಸ್ಟರ್ ನೋಡಿದೀರಾ? ಹೀರೋ ಒದ್ದ ಒದೆಗೆ ಜೀಪು ಆಕಾಶಕ್ಕೆ ಹಾರ್ತಿದೆ!"

"ಜೀಪಲ್ಲ, ಲಾರಿ," ಎಂದರು ಮಾವ. "ಜೀಪು ಹಾರೋದು ಇಂಟರ್‌ವಲ್ ಆದ್ಮೇಲೆ ಅಂತೆ..."

ಮೇಷ್ಟರಾಗಿ ತಪ್ಪು ತಿದ್ದಿ ತಿದ್ದಿ ಬಂದ ನಾಲಿಗೆ. ಅದಕ್ಕೆ ತಪ್ಪು ಕಂಡರೆ ತಾನು ಎಲ್ಲಿದ್ದೇನೆಂಬುದು ನೆನಪಿರುತ್ತದೆಯೆ? ಮಾವ ನಾಲಿಗೆ ಕಚ್ಚಿಕೊಂಡರು. ಕಾಲ ಮಿಂಚಿತ್ತು. ಅಷ್ಟೂ ತಲೆಗಳು ಸೂರ್ಯಕಾಂತಿಗಳಂತೆ ಅವರ ಕಡೆ ತಿರುಗಿದವು.

"ನಿಮ್ಗೆ ಹೇಗೆ ಗೊತ್ತು ಮಾವ?" ಷಡ್ಡಕನ ದನಿ ಜೇನಿನಂತೆ ಇಳಿಯಿತು.

ಡಾಕ್ಟರಿಗೆ ಪಟ್ಟ ಎರಡು ಅಂಗುಲ ದೂರದಲ್ಲಿತ್ತು. ಸುಮ್ಮನಿದ್ದರೆ ಸಾಕಿತ್ತು, ಅವರ ಮೇಲಿನ ಆಪಾದನೆಯನ್ನು ಜನ ಆಗಲೇ ಮರೆತಿದ್ದರು. ಆದರೆ ಮಾವನ ಬಾಯಿ ಅರ್ಧ ತೆರೆದಿತ್ತು, ಸೆಟ್ಟು ಅದುರುತ್ತಿತ್ತು. ಸೂಜಿ ಕಂಡು ಕುರ್ಚಿಯ ಕೈ ಹಿಡಿದುಕೊಳ್ಳುವವರ ಮುಖವೇ ಅದು. ಡಾಕ್ಟರು ದಿನಾ ನೋಡುವ ಮುಖ. ಅಭ್ಯಾಸಬಲ, ಏನು ಮಾಡುವುದು! ಒಳಗಿನಿಂದ ತಾನಾಗಿಯೇ ಎದ್ದಿತು: ನೋಯಲ್ಲ, ನೋಯಲ್ಲ.

"ನಾನೇ ಹೇಳಿದ್ದು," ಎಂದು ಡಾಕ್ಟರು ಎದ್ದರು. "ಹೌದು, ಹೋಗಿದ್ದೆ. ವಾರಾ ವಾರಾ ಹೋಗ್ತೀನಿ. ಮಾವನ ಹತ್ರ ತಪ್ಪೊಪ್ಕೊಂಡು ಎಲ್ಲಾ ಹೇಳಿದ್ದೆ, ಲಾರಿ ಸಮೇತ."

ಅಷ್ಟಕ್ಕೇ ಕೂತುಬಿಡಬಹುದಿತ್ತು. ಆದರೆ ಲಾರಿಯ ಹೆಸರೆತ್ತಿದ ಮೇಲೆ ಅದನ್ನು ಹಾರಿಸದೆ ಕೂರುವುದು ಹೇಗೆ? ಡಾಕ್ಟರು ಒದೆ ತೋರಿಸಿದರು, ಸಿಗರೇಟು ತೋರಿಸಿದರು, ಗುದ್ದಿಗೆ ತೋಳು ಮಡಿಸಿದರು. ಮುಂದಿನ ಸಾಲಿನ ಊರುಗೋಲಿನ ಅಜ್ಜಿ "ಆಮೇಲೆ?" ಎಂದರು. ಖಜಾಂಚಿ ಕುರ್ಚಿಯ ತುದಿಗೆ ಜಾರಿದ. ಸದಭಿರುಚಿಯ ಅಷ್ಟೂ ಬಾಯಿಗಳು ಮೈಮರೆತು ತೆರೆದುಕೊಂಡವು. ಯಾವ ಹಲ್ಲಿಗೆ ಎಷ್ಟು ಹುಳುಕೆಂದು ಡಾಕ್ಟರಿಗೆ ಕಡೇ ಸಾಲಿನವರೆಗೆ ಕಾಣುತ್ತಿತ್ತು. ಕೊನೆಗೂ ಅವರಿಗೊಂದು ಸಭೆ ಸಿಕ್ಕಿತ್ತು.

ಪೆಟ್ರೋಲ್ ಬಂಕು ಸಿಡಿದ ಮೇಲೆ ಜನಕ್ಕೆ ಘನತೆ ನೆನಪಾಗಿ ಮೂಗು ಮುರಿದರು. ಮಾವ ಎದ್ದು, ಕಲ್ಲಿನಂಥ ಮುಖ ಮಾಡಿ, ಕಟ್ಟಳೆಯ ಪ್ರಕಾರ ಕಿರಿಯಳಿಯನ ಸದಸ್ಯತ್ವ ಆಜೀವ ರದ್ದೆಂದೂ ಹಿರಿಯಳಿಯನೇ ಆಜೀವ ಅಧ್ಯಕ್ಷನೆಂದೂ ಸಾರಿದರು. ಷಡ್ಡಕ ಎದೆಯುಬ್ಬಿಸಿ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತ. ದೀಪ ಆರಿತು, ಅಂದಿನ ಸಿನಿಮಾ ಶುರುವಾಯಿತು. ಒಂದು ನಲ್ಲಿ. ಕೆಳಗೆ ಒಂದು ಬಕೆಟ್ಟು. ಒಂದು ಹನಿ. ಅಧ್ಯಕ್ಷರಾದವರು ಬಕೆಟ್ಟು ತುಂಬುವ ತನಕ ಏಳುವಂತಿರಲಿಲ್ಲ, ಕಣ್ಣು ಮುಚ್ಚುವಂತಿರಲಿಲ್ಲ. ಅದೂ ಕಟ್ಟಳೆಯೇ.

ಡಾಕ್ಟರು ಮುಖ ಸಣ್ಣದು ಮಾಡಿಕೊಂಡು ಹೊರಗೆ ಮೆಟ್ಟಿಲಿಳಿಯುತ್ತಿದ್ದರು. ಹಿಂದಿನಿಂದ ಮಾವ ಬಂದು ಹೆಗಲು ಹಿಡಿದರು.

"ಬೇಜಾರಾ?"

"ಪಟ್ಟ ನಂದೇ ಅಂದಿದ್ರಿ."

"ದಡ್ಡರು ನೀವು. ಮೂವತ್ತು ವರ್ಷ ಆ ಬಕೆಟ್ ಮುಂದೆ ಕೂತೋನು ನಾನು, ನನ್ನ ಕೇಳಿ. ನಿಮ್ಮನ್ನ ಅಲ್ಲಿ ಕೂರ್ಸಿದ್ರೆ ಮಗಳ ಮುಖ ನೋಡೋಕಾಗ್ತಿತ್ತಾ?" ಆಮೇಲೆ ದನಿ ತಗ್ಗಿಸಿದರು. "ಅದಿರ್ಲಿ, ಆ ಜೀಪು ನಿಜವಾಗ್ಲೂ ಇಂಟರ್‌ವಲ್ ಆದ್ಮೇಲೆ ಹಾರತ್ತಾ? ನಾನು ಹಲ್ಲಿನ ಗಲಾಟೇಲಿ ಎದ್ದುಬಂದ್ಬಿಟ್ಟೆ."

"ನಾನೂ ಎದ್ದುಬಂದೆ ಮಾವ."

ಇಬ್ಬರೂ ರಸ್ತೆಯ ಆಚೆ, ಬಸ್ ಡಿಪೋದ ಕಡೆ ನೋಡಿದರು.

ಮುಂದಿನ ಮ್ಯಾಟಿನಿಗೆ ಬಾಲ್ಕನಿಯ ಮುಂದಿನ ಸಾಲಿನಲ್ಲಿ ಮಫ್ಲರಿನ ಪಕ್ಕ ಮಾಸ್ಕು ಕೂತಿತ್ತು. "ಗಟ್ಟಿಯಾಗಿ ಕೂತಿದೆ ತಾನೇ?" ಎಂದು ಡಾಕ್ಟರು ಕೇಳಿದರೆ, ಮಾವ ಹಲ್ಲಿಗೆ ಬಳಿದ ಹೊಸ ಅಂಟನ್ನು ನಾಲಿಗೆಯಲ್ಲಿ ಒತ್ತಿ ನೋಡಿ, "ಲಾರಿ ಗುದ್ದಿದ್ರೂ ಅಲ್ಲಾಡಲ್ಲ" ಎಂದರು. ಸಿನಿಮಾ ಶುರುವಾಗುವ ಹೊತ್ತಿಗೆ ಮೂರನೇ ಸೀಟಿಗೆ ಯಾರೋ ಬಂದು ಕೂತರು. ಮಾಸ್ಕಿಲ್ಲ, ಟೋಪಿಯಿಲ್ಲ. ಡಾಕ್ಟರ ಹೆಂಡತಿ.

"ಏನೇ, ನೀನಿಲ್ಲಿ?" ಡಾಕ್ಟರು ಸೀಟಿನಿಂದ ಅರ್ಧ ಎದ್ದರು.

"ನೋಡೋಣ ಅಂತ ಬಂದೆ. ಸುಮ್ನೆ ಕೂತ್ಕೊಳ್ರೀ. ಅಪ್ಪಾ, ನೀವೂ."

ಮಾವ ಮಫ್ಲರನ್ನು ಹಣೆಯ ತನಕ ಎಳೆದುಕೊಂಡರು. ತೆರೆಯ ಮೇಲೆ ತಂಗಿ ಬಂದಳು. ಬಾಗಿಲಲ್ಲಿ ನಿಂತು, ದೂರ ಹೋಗುವ ಅಣ್ಣನಿಗೆ ಕೈ ಬೀಸಿ ನಕ್ಕಳು. ಇಡೀ ಟಾಕೀಸು ಪಾಪ್‌ಕಾರ್ನ್‌ಗೆಂದು ಜೇಬು ತಡಕತೊಡಗಿತು. ಆಗ ಬಾಲ್ಕನಿಯ ಮುಂದಿನ ಸಾಲಿನಿಂದ, ಡಿಪೋದಲ್ಲಿ ನಿಂತ ಬಸ್ಸುಗಳ ಗಾಜೆಲ್ಲ ಗಡಗಡ ಅದುರುವಂತೆ, ಒಂದು ಹೆಂಗಸಿನ ದನಿ ಎದ್ದಿತು:

"ನಗ್ತಾ ನಿಂತಿದೀಯಲ್ಲೇ ಹುಚ್ಚಿ, ಓಡೇ! ಇಂಟರ್‌ವಲ್ ಬಂತು, ಓಡು!"